ಇನ್-ಮೆಮೊರಿ ಡೇಟಾಬೇಸ್ ಮೇಲಿನ ಯೂನಿಟ್ ಟೆಸ್ಟ್: ದೋಷ ಹುಡುಕುವ ಕೈಪಿಡಿ

ಟೆಸ್ಟ್ ಓಡಿಸಲು ಪ್ರತಿ ಸಲ ಡೇಟಾಬೇಸ್ ಸರ್ವರ್ ಎಬ್ಬಿಸುವ ಬದಲು ರ‍್ಯಾಮ್‌ನಲ್ಲೇ ಒಂದು ತಾತ್ಕಾಲಿಕ ಡೇಟಾಬೇಸ್ ಕಟ್ಟಿಕೊಂಡು, ಟೆಸ್ಟ್ ಮುಗಿದೊಡನೆ ಬಿಟ್ಟುಬಿಡುವುದು ಈಗ ರೂಢಿಯಾಗಿದೆ. ವೇಗ ಚೆನ್ನಾಗಿ ಸಿಗುತ್ತದೆ. ಆದರೆ ಟೆಸ್ಟ್ ಕೈಕೊಟ್ಟಾಗ ಎಲ್ಲರೂ ಮೊದಲು ತಮ್ಮ ಕೋಡನ್ನೇ ಅನುಮಾನಿಸಿ ಅರ್ಧ ದಿನ ಕಳೆಯುತ್ತಾರೆ. ದೋಷ ಬಹುಪಾಲು ಎರಡು ಕಡೆ ಇರುತ್ತದೆ. ಒಂದು, ಕನೆಕ್ಷನ್‌ನ (ಡೇಟಾಬೇಸ್ ಜೊತೆಗಿನ ಸಂಪರ್ಕದ) ಆಯಸ್ಸು. ಇನ್ನೊಂದು, ಟೆಸ್ಟಿನ ಡೇಟಾಬೇಸಿಗೂ ಪ್ರೊಡಕ್ಷನ್ (ನಿಜ ಬಳಕೆಯ) ಡೇಟಾಬೇಸಿಗೂ ನಡವಳಿಕೆಯಲ್ಲಿರುವ ಅಂತರ. ಮೊದಲನೆಯದು ಟೆಸ್ಟನ್ನು ಕೆಂಪಾಗಿಸುತ್ತದೆ (ಫೇಲ್ ಮಾಡುತ್ತದೆ), ಕೂಗಿ ಹೇಳುತ್ತದೆ. ಎರಡನೆಯದು ಕೆಂಪಾಗಬೇಕಾದ ಟೆಸ್ಟನ್ನು ಹಸಿರಾಗಿ (ಪಾಸ್ ಎಂದು) ತೋರಿಸಿ ಸುಮ್ಮನಿರುತ್ತದೆ. ನಮಗೆ ಹೆಚ್ಚು ಭಯ ಎರಡನೆಯದರದ್ದೇ.

ಉದಾಹರಣೆಗೆ ಮಂಡ್ಯ ಸೀಮೆಯ ಸಕ್ಕರೆ ಕಾರ್ಖಾನೆಗೆ ಬರುವ ಕಬ್ಬಿನ ತೂಕದ ಲೆಕ್ಕ ಇಡುವ ಅಪ್ಲಿಕೇಶನ್ ಒಂದಿದೆ ಎಂದಿಟ್ಟುಕೊಳ್ಳಿ. ರೈತರು, ಲಾರಿಗಳು, ತೂಕದ ಚೀಟಿಗಳು ಎಂದು ಮೂರು ಟೇಬಲ್. ಪ್ರೊಡಕ್ಷನ್‌ನಲ್ಲಿ ಪೋಸ್ಟ್‌ಗ್ರೆಸ್ ಅಥವಾ ಮೈಎಸ್‌ಕ್ಯೂಎಲ್, ಟೆಸ್ಟಿನಲ್ಲಿ ಎಸ್‌ಕ್ಯೂಲೈಟ್ ಅಥವಾ ಜಾವಾದ ಎಚ್2. ಕೆಳಗಿನ ಎಲ್ಲ ದೋಷಗಳೂ ಈ ಮೂರು ಟೇಬಲ್‌ಗಳಲ್ಲೇ ಕಾಣಿಸುತ್ತವೆ.

ಕೋಡ್ ಮುಟ್ಟುವ ಮುಂಚೆ

ಫೇಲ್ ಆದ ಟೆಸ್ಟನ್ನು ಒಂಟಿಯಾಗಿ ಓಡಿಸಿ. ಒಂಟಿಯಾಗಿಯೂ ಫೇಲ್ ಆದರೆ ಕನೆಕ್ಷನ್ ಇಲ್ಲವೇ ಸ್ಕೀಮಾದ (ಟೇಬಲ್‌ಗಳ ರಚನೆಯ) ದೋಷ. ಒಂಟಿಯಾಗಿ ಪಾಸ್ ಆಗಿ ಇಡೀ ಸೂಟ್ (ಎಲ್ಲ ಟೆಸ್ಟುಗಳ ಗುಂಪು) ಜೊತೆ ಫೇಲ್ ಆದರೆ, ಹಿಂದಿನ ಟೆಸ್ಟ್ ಬಿಟ್ಟುಹೋದ ಡೇಟಾ ಇದೆ ಎಂದರ್ಥ.

ಆಮೇಲೆ ಇನ್ನೊಂದು ಪರೀಕ್ಷೆ. ಕನೆಕ್ಷನ್ ವಿಳಾಸದಲ್ಲಿ ‘:ಮೆಮೊರಿ:’ ಇದ್ದ ಜಾಗಕ್ಕೆ ಒಂದು ತಾತ್ಕಾಲಿಕ ಫೈಲಿನ ಹೆಸರು ಹಾಕಿ ಅದೇ ಟೆಸ್ಟನ್ನು ಮತ್ತೆ ಓಡಿಸಿ. ಫೈಲಿನಲ್ಲಿ ಪಾಸ್, ಮೆಮೊರಿಯಲ್ಲಿ ಫೇಲ್ ಎಂದಾದರೆ ಒಂದಕ್ಕಿಂತ ಹೆಚ್ಚು ಕನೆಕ್ಷನ್‌ಗಳು ತೆರೆದಿವೆ, ಒಂದೊಂದೂ ಬೇರೆ ಬೇರೆ ಡೇಟಾಬೇಸ್ ನೋಡುತ್ತಿದೆ. ಫೈಲಿನಲ್ಲೂ ಟೇಬಲ್ ಸಿಗದೆ ಫೇಲ್ ಆದರೆ ಟೇಬಲ್ ಸೃಷ್ಟಿಯಾಗೇ ಇಲ್ಲ. ಒಂದೇ ಸಾಲಿನ ಈ ಬದಲಾವಣೆಯಿಂದ ಹುಡುಕುವ ಕೆಲಸ ಅರ್ಧಕ್ಕೆ ಇಳಿಯುತ್ತದೆ. ಇದನ್ನು ಬಿಟ್ಟು ನೇರವಾಗಿ ಡೀಬಗರ್ ಹಿಡಿದು ಕೂರಬೇಡಿ.

‘ನೋ ಸಚ್ ಟೇಬಲ್’: ಎಸ್‌ಕ್ಯೂಲೈಟ್‌ನಲ್ಲಿ

ಎಸ್‌ಕ್ಯೂಲೈಟ್‌ನ ‘:ಮೆಮೊರಿ:’ ಡೇಟಾಬೇಸ್ ಅದನ್ನು ತೆರೆದ ಕನೆಕ್ಷನ್‌ಗೆ ಮಾತ್ರ ಸೇರಿದ್ದು. ಎರಡನೇ ಕನೆಕ್ಷನ್ ತೆರೆದರೆ ಎರಡನೇ ಡೇಟಾಬೇಸ್ ಹುಟ್ಟುತ್ತದೆ, ಅದು ಪೂರ್ತಿ ಖಾಲಿ. ಕನೆಕ್ಷನ್ ಮುಚ್ಚಿದರೆ ಡೇಟಾಬೇಸ್ ಕೂಡ ಹೋಯಿತು. ಟೇಬಲ್ ಕಟ್ಟಿದ ಕನೆಕ್ಷನ್ ಒಂದು, ಚೀಟಿ ಸೇರಿಸಲು ಹೋದ ಕನೆಕ್ಷನ್ ಇನ್ನೊಂದು ಎಂದಾದಾಗ ‘ನೋ ಸಚ್ ಟೇಬಲ್’ ಬರುತ್ತದೆ. ನೀವು ಎರಡನೆಯದನ್ನು ತೆರೆದಿಲ್ಲದಿರಬಹುದು. ಆದರೆ ಕನೆಕ್ಷನ್ ಪೂಲ್ (ಕನೆಕ್ಷನ್‌ಗಳನ್ನು ತೆರೆದಿಟ್ಟು ಹಂಚುವ ವ್ಯವಸ್ಥೆ) ಅದನ್ನು ತೆರೆದಿರುತ್ತದೆ.

ಗೋ ಭಾಷೆಯಲ್ಲಿ ಇದು ಅತಿ ಸಾಮಾನ್ಯ. ಅಲ್ಲಿನ ಡೇಟಾಬೇಸ್ ಪ್ಯಾಕೇಜಿನ ‘ಡಿಬಿ’ ಎಂಬುದೇ ಒಂದು ಪೂಲ್. ಗೋರುಟೀನ್‌ಗಳು (ಒಟ್ಟಿಗೆ ಓಡಬಲ್ಲ ಕೆಲಸಗಳು) ಒಂದರ ಹಿಂದೊಂದು ಬಂದಾಗ ಟೆಸ್ಟ್ ಪಾಸ್, ಎರಡು ಒಟ್ಟಿಗೆ ಬಂದಾಗ ಫೇಲ್. ಹೀಗಾಗಿ ದೋಷ ಆಗೊಮ್ಮೆ ಈಗೊಮ್ಮೆ ಮಾತ್ರ ಕಾಣುತ್ತದೆ. ‘ಸೆಟ್ ಮ್ಯಾಕ್ಸ್ ಓಪನ್ ಕನೆಕ್ಷನ್ಸ್’ ಅನ್ನು 1 ಮಾಡಿದರೆ ಸರಿಹೋಗುತ್ತದೆ. ಆದರೆ ಅದರ ಬೆನ್ನಿಗೇ ಇನ್ನೊಂದು ದೋಷ ಬರಬಹುದು: ರೈತರ ಪಟ್ಟಿಯ ಸಾಲುಗಳನ್ನು ಓದುತ್ತಿರುವ ಲೂಪಿನ ಒಳಗೇ ಪ್ರತಿ ರೈತನ ಚೀಟಿಗೆ ಇನ್ನೊಂದು ಕ್ವೆರಿ ಹಾಕಿದ್ದರೆ, ಇರುವ ಒಂದೇ ಕನೆಕ್ಷನ್ ಹೊರಗಿನ ಲೂಪಿನ ಕೈಯಲ್ಲಿರುತ್ತದೆ. ಒಳಗಿನ ಕ್ವೆರಿ ಕಾಯುತ್ತಲೇ ಇರುತ್ತದೆ. ಯಾವ ಎರರ್ ಕೂಡ ಬರುವುದಿಲ್ಲ, ಟೆಸ್ಟ್ ನಿಂತಲ್ಲೇ ನಿಂತಿರುತ್ತದೆ. ಸಾಲುಗಳನ್ನೆಲ್ಲ ಮೊದಲು ಸ್ಲೈಸಿಗೆ (ಗೋ ಭಾಷೆಯ ಪಟ್ಟಿಗೆ) ತುಂಬಿಕೊಂಡು, ‘ರೋಸ್’ (ಕ್ವೆರಿಯ ಫಲಿತಾಂಶ) ಮುಚ್ಚಿ, ಆಮೇಲೆ ಎರಡನೇ ಕ್ವೆರಿ ಹಾಕಿ.

ಪೈಥಾನ್‌ನ ಎಸ್‌ಕ್ಯೂಎಲ್‌ಆಲ್ಕೆಮಿ ಎಂಬ ಲೈಬ್ರರಿ ಮೆಮೊರಿ ಡೇಟಾಬೇಸಿಗೆ ತಾನಾಗಿಯೇ ‘ಸಿಂಗಲ್‌ಟನ್ ಥ್ರೆಡ್ ಪೂಲ್’ ಆರಿಸಿಕೊಳ್ಳುತ್ತದೆ. ಅಂದರೆ ಥ್ರೆಡ್ಡಿಗೊಂದು (ಪ್ರೋಗ್ರಾಮಿನೊಳಗೆ ಬೇರೆಯಾಗಿ ಓಡುವ ಎಳೆಗೊಂದು) ಕನೆಕ್ಷನ್, ಥ್ರೆಡ್ಡಿಗೊಂದು ಡೇಟಾಬೇಸ್. ಫಾಸ್ಟ್‌ಎಪಿಐ ಎಂಬ ವೆಬ್ ಚೌಕಟ್ಟಿನಲ್ಲಿ ‘ಅಸಿಂಕ್’ ಇಲ್ಲದೆ ಬರೆದ ಫಂಕ್ಷನ್‌ಗಳು ಬೇರೆ ಥ್ರೆಡ್ಡಿನಲ್ಲಿ ಓಡುತ್ತವೆ. ಟೆಸ್ಟಿನ ಥ್ರೆಡ್ಡಿನಲ್ಲಿ ಕಟ್ಟಿದ ಟೇಬಲ್ ಅಲ್ಲಿಗೆ ಕಾಣುವುದಿಲ್ಲ. ಎಂಜಿನ್ ಕಟ್ಟುವಾಗ ಪೂಲ್ ಕ್ಲಾಸ್ ಆಗಿ ‘ಸ್ಟ್ಯಾಟಿಕ್ ಪೂಲ್’ ಕೊಡಿ, ಕನೆಕ್ಟ್ ಆರ್ಗ್ಯುಮೆಂಟ್‌ಗಳಲ್ಲಿ ‘ಚೆಕ್ ಸೇಮ್ ಥ್ರೆಡ್’ ಅನ್ನು ಫಾಲ್ಸ್ ಮಾಡಿ. ಎರಡೂ ಬೇಕು. ಮೊದಲನೆಯದನ್ನು ಮಾತ್ರ ಕೊಟ್ಟರೆ, ಒಂದು ಥ್ರೆಡ್ಡಿನಲ್ಲಿ ಹುಟ್ಟಿದ ಎಸ್‌ಕ್ಯೂಲೈಟ್ ವಸ್ತುವನ್ನು ಇನ್ನೊಂದರಲ್ಲಿ ಬಳಸುವಂತಿಲ್ಲ ಎಂಬ ಎರರ್ ಬರುತ್ತದೆ.

ಹಲವು ಕನೆಕ್ಷನ್‌ಗಳು ಒಂದೇ ಮೆಮೊರಿ ಡೇಟಾಬೇಸ್ ನೋಡಲೇಬೇಕಾದರೆ ಯುಆರ್‌ಐ ರೂಪದ ವಿಳಾಸ ಬೇಕು: ‘ಫೈಲ್’, ಕೋಲನ್ ಚಿಹ್ನೆ (:), ಒಂದು ಹೆಸರು, ಮೋಡ್ ಮೆಮೊರಿ, ಕ್ಯಾಶ್ ಶೇರ್ಡ್. ಇಲ್ಲಿ ಮೂರು ವಿಷಯ ಗಮನಿಸಿ. ಕೊನೆಯ ಕನೆಕ್ಷನ್ ಮುಚ್ಚಿದ ಕೂಡಲೇ ಎಲ್ಲವೂ ಅಳಿಯುತ್ತದೆ, ಆದ್ದರಿಂದ ಸೂಟ್ ಮುಗಿಯುವವರೆಗೆ ಒಂದು ಕನೆಕ್ಷನ್ ಸುಮ್ಮನೆ ತೆರೆದಿಟ್ಟಿರಿ. ಶೇರ್ಡ್ ಕ್ಯಾಶ್‌ನಲ್ಲಿ ಬರುವ ‘ಟೇಬಲ್ ಈಸ್ ಲಾಕ್ಡ್’ ಎರರ್‌ಗೆ ಬಿಜಿ ಟೈಮ್‌ಔಟ್ ಎಷ್ಟು ಹೆಚ್ಚಿಸಿದರೂ ಉಪಯೋಗವಿಲ್ಲ, ಆ ಟೈಮ್‌ಔಟ್ ಈ ಲಾಕಿಗೆ ಅನ್ವಯಿಸುವುದೇ ಇಲ್ಲ.

ಮೂರನೆಯದು ಜನರನ್ನು ತುಂಬ ಕಾಡಿಸಿದೆ. ಪೈಥಾನ್‌ನಲ್ಲಿ ಈ ವಿಳಾಸ ಕೊಟ್ಟು ‘ಯುಆರ್‌ಐ’ ಎಂಬ ಆರ್ಗ್ಯುಮೆಂಟನ್ನು ಟ್ರೂ ಮಾಡಲು ಮರೆತರೆ, ಎಸ್‌ಕ್ಯೂಲೈಟ್ ಆ ಇಡೀ ಸಾಲನ್ನು ಫೈಲಿನ ಹೆಸರೆಂದೇ ತಿಳಿಯುತ್ತದೆ. ಲಿನಕ್ಸ್‌ನಲ್ಲಿ ಪ್ರಾಜೆಕ್ಟ್ ಫೋಲ್ಡರ್ ತೆರೆದು ನೋಡಿ: ಪ್ರಶ್ನಾರ್ಥಕ ಚಿಹ್ನೆ, ಸಮ ಚಿಹ್ನೆಗಳನ್ನೆಲ್ಲ ಹೊತ್ತ ವಿಚಿತ್ರ ಹೆಸರಿನ ಫೈಲೊಂದು ಕೂತಿರುತ್ತದೆ. ನಿಮ್ಮ ಡೇಟಾ ಇರುವುದು ಅದರಲ್ಲಿ. ಮೊದಲ ಸಲ ಟೆಸ್ಟ್ ಪಾಸ್, ಎರಡನೇ ಸಲ ‘ಟೇಬಲ್ ಆಲ್ರೆಡಿ ಎಕ್ಸಿಸ್ಟ್ಸ್’ ಅಥವಾ ಯೂನಿಕ್ ಎರರ್ ಎಂದರೆ ತಕ್ಷಣ ಈ ಫೈಲನ್ನು ಹುಡುಕಿ. ಅದನ್ನು ಅಳಿಸಿ, ಆರ್ಗ್ಯುಮೆಂಟ್ ಸರಿಪಡಿಸಿ.

ನಮ್ಮ ಅಭಿಪ್ರಾಯ ಕೇಳಿದರೆ, ಹಲವು ಕನೆಕ್ಷನ್ ಬೇಕಿರುವ ಟೆಸ್ಟಿಗೆ ಶೇರ್ಡ್ ಕ್ಯಾಶ್ ಹಿಡಿದು ಗುದ್ದಾಡುವುದಕ್ಕಿಂತ ಲಿನಕ್ಸ್‌ನ ‘/ಡೆವ್/ಎಸ್‌ಎಚ್‌ಎಂ’ ಫೋಲ್ಡರಿನಲ್ಲಿ ತಾತ್ಕಾಲಿಕ ಫೈಲ್ ಇಡುವುದು ಒಳ್ಳೆಯದು. ಅದೂ ರ‍್ಯಾಮ್‌ನಲ್ಲೇ ಇರುತ್ತದೆ, ಮೇಲಾಗಿ ಟೆಸ್ಟ್ ಬಿದ್ದ ಮೇಲೆ ಫೈಲನ್ನು ತೆರೆದು ನೋಡಬಹುದು.

ಎಚ್2 ಹೇಳುವ ಮೂರು ನಂಬರ್

ಎಚ್2 ಎರಡನೇ ಆವೃತ್ತಿ ಟೇಬಲ್ ಸಿಗದಾಗ ಕೊಡುವ ಎರರ್ ನಂಬರನ್ನು ಓದಿ. ಬಹಳ ಜನ ‘ಟೇಬಲ್ ನಾಟ್ ಫೌಂಡ್’ ಎಂಬಷ್ಟಕ್ಕೇ ನಿಲ್ಲುತ್ತಾರೆ, ಕಾರಣ ಮಾತ್ರ ಅದರ ಮುಂದಿನ ಮಾತಿನಲ್ಲಿದೆ.

42104 ಬಂದರೆ ಡೇಟಾಬೇಸ್ ಪೂರ್ತಿ ಖಾಲಿ ಇದೆ, ಸಂದೇಶದಲ್ಲೇ ಹಾಗೆ ಬರೆದಿರುತ್ತದೆ. ಒಂದೋ ಸ್ಕೀಮಾ ಕಟ್ಟುವ ಹಂತ ಓಡಿಲ್ಲ, ಇಲ್ಲವೇ ಓಡಿದ ಮೇಲೆ ಕೊನೆಯ ಕನೆಕ್ಷನ್ ಮುಚ್ಚಿ ಡೇಟಾಬೇಸ್ ಅಳಿದುಹೋಗಿದೆ. ವಿಳಾಸದ ಕೊನೆಗೆ ‘ಡಿಬಿ ಕ್ಲೋಸ್ ಡಿಲೇ’ = -1 ಸೇರಿಸಿದರೆ ಜೆವಿಎಂ (ಜಾವಾ ಪ್ರೋಗ್ರಾಮ್ ಓಡಿಸುವ ಎಂಜಿನ್) ನಿಲ್ಲುವವರೆಗೂ ಉಳಿಯುತ್ತದೆ. ವಿಳಾಸದಲ್ಲಿ ‘ಮೆಮ್’ ನಂತರ ಹೆಸರೇ ಇಲ್ಲದಿದ್ದರೆ ಎಸ್‌ಕ್ಯೂಲೈಟ್‌ನಂತೆಯೇ ಕನೆಕ್ಷನ್‌ಗೊಂದು ಡೇಟಾಬೇಸ್ ಆಗುತ್ತದೆ, ಹೆಸರು ಕೊಡಿ.

42103 ಬಂದರೆ ಟೇಬಲ್ ಇದೆ, ಹೆಸರಿನ ದೊಡ್ಡಕ್ಷರ ಸಣ್ಣಕ್ಷರ ಹೊಂದುತ್ತಿಲ್ಲ. ಆವರಣದಲ್ಲಿ ಹತ್ತಿರದ ಹೆಸರನ್ನೂ ಅದೇ ತೋರಿಸುತ್ತದೆ. ಎಚ್2 ಉದ್ಧರಣ ಚಿಹ್ನೆ ಇಲ್ಲದ ಹೆಸರುಗಳನ್ನು ದೊಡ್ಡಕ್ಷರಕ್ಕೆ ತಿರುಗಿಸುತ್ತದೆ, ಪೋಸ್ಟ್‌ಗ್ರೆಸ್ ಸಣ್ಣಕ್ಷರಕ್ಕೆ. ‘ಮೋಡ್ = ಪೋಸ್ಟ್‌ಗ್ರೆಎಸ್‌ಕ್ಯೂಎಲ್’ ಜೊತೆಗೆ ‘ಡೇಟಾಬೇಸ್ ಟು ಲೋವರ್ = ಟ್ರೂ’ ಕೂಡ ಸೇರಿಸಿ.

42102 ಎಂದರೆ ಬೇರೆ ಟೇಬಲ್‌ಗಳಿವೆ, ನೀವು ಕೇಳಿದ್ದು ಮಾತ್ರ ಇಲ್ಲ. ಮೈಗ್ರೇಶನ್ (ಟೇಬಲ್ ಕಟ್ಟುವ, ಬದಲಿಸುವ ಸ್ಕ್ರಿಪ್ಟ್) ಅರ್ಧಕ್ಕೆ ನಿಂತಿರಬಹುದು. ಜಾವಾ ಚೌಕಟ್ಟಾದ ಸ್ಪ್ರಿಂಗ್ ಬೂಟ್ 2.5ರಿಂದ ಈಚೆಗೆ ‘ಡೇಟಾ ಡಾಟ್ ಎಸ್‌ಕ್ಯೂಎಲ್’ ಫೈಲ್, ಹೈಬರ್ನೇಟ್ ಎಂಬ ಲೈಬ್ರರಿ ಟೇಬಲ್ ಕಟ್ಟುವ ಮುಂಚೆಯೇ ಓಡುತ್ತದೆ. ಹಳೆಯ ಪ್ರಾಜೆಕ್ಟ್ ಅಪ್‌ಗ್ರೇಡ್ ಮಾಡಿದ ಮರುದಿನವೇ ಟೇಬಲ್ ಸಿಗದ ಎರರ್ ಶುರುವಾದರೆ ಇದೇ ಕಾರಣ. ಸೆಟ್ಟಿಂಗ್‌ಗಳಲ್ಲಿ ‘ಡಿಫರ್ ಡೇಟಾಸೋರ್ಸ್ ಇನಿಶಿಯಲೈಸೇಶನ್’ ಟ್ರೂ ಮಾಡಿ.

ಅಪ್‌ಗ್ರೇಡಿನ ಇನ್ನೊಂದು ಪೆಟ್ಟು: ಎಚ್2 2.x ಆವೃತ್ತಿಗಳಲ್ಲಿ ‘ಯೂಸರ್’, ‘ವ್ಯಾಲ್ಯೂ’ ಮೀಸಲು ಪದಗಳು. ಆ ಹೆಸರಿನ ಟೇಬಲ್ ಅಥವಾ ಕಾಲಮ್ ಇದ್ದರೆ ಸಿಂಟ್ಯಾಕ್ಸ್ ಎರರ್. ವಿಳಾಸಕ್ಕೆ ‘ನಾನ್ ಕೀವರ್ಡ್ಸ್’ ಸೇರಿಸಿ ದಾಟಬಹುದು. ಸಾಧ್ಯವಿದ್ದರೆ ಹೆಸರನ್ನೇ ಬದಲಿಸಿ, ‘ಯೂಸರ್’ ಪೋಸ್ಟ್‌ಗ್ರೆಸ್‌ನಲ್ಲೂ ಮೀಸಲು ಪದವೇ.

ಟೆಸ್ಟ್ ನಡುವೆ ನಿಲ್ಲಿಸಿ ಡೇಟಾ ನೋಡಬೇಕೆಂದು ಬೇರೆ ಪ್ರೋಗ್ರಾಮಿನಿಂದ ಅದೇ ವಿಳಾಸ ತೆರೆದರೆ ಖಾಲಿ ಡೇಟಾಬೇಸ್ ಕಾಣುತ್ತದೆ. ಮೆಮೊರಿ ಡೇಟಾಬೇಸ್ ಒಂದು ಜೆವಿಎಂ ದಾಟಿ ಹೊರಗೆ ಬರುವುದಿಲ್ಲ. ಟೆಸ್ಟಿನ ಒಳಗಿನಿಂದಲೇ ಎಚ್2ನ ಟಿಸಿಪಿ ಸರ್ವರ್ ಶುರುಮಾಡಿ, ಹೊರಗಿನಿಂದ ಅದಕ್ಕೆ ಸೇರಿಕೊಳ್ಳಿ. ಬ್ರೇಕ್‌ಪಾಯಿಂಟ್ ಆ ಒಂದು ಥ್ರೆಡ್ಡನ್ನು ಮಾತ್ರ ನಿಲ್ಲಿಸುವಂತಿರಲಿ, ಎಲ್ಲ ಥ್ರೆಡ್ ನಿಂತರೆ ಟಿಸಿಪಿ ಸರ್ವರ್ ಕೂಡ ಉತ್ತರ ಕೊಡುವುದಿಲ್ಲ. ಪೈಥಾನ್‌ನಲ್ಲಿ ಇದಕ್ಕಿಂತ ಸುಲಭ: 3.7ರಿಂದ ಕನೆಕ್ಷನ್‌ಗೆ ‘ಬ್ಯಾಕಪ್’ ಎಂಬ ಮೆಥಡ್ ಇದೆ, ಇಡೀ ಮೆಮೊರಿ ಡೇಟಾಬೇಸನ್ನು ಫೈಲಿಗೆ ಇಳಿಸಿ ನೋಡಬಹುದು.

ಒಂಟಿಯಾಗಿ ಪಾಸ್, ಒಟ್ಟಿಗೆ ಫೇಲ್

ಹೆಚ್ಚಿನ ಟೆಸ್ಟ್ ಚೌಕಟ್ಟುಗಳು ಪ್ರತಿ ಟೆಸ್ಟನ್ನೂ ಒಂದು ಟ್ರಾನ್ಸಾಕ್ಷನ್‌ನಲ್ಲಿ ಸುತ್ತಿ ಕೊನೆಗೆ ರೋಲ್‌ಬ್ಯಾಕ್ ಮಾಡುತ್ತವೆ, ಅಂದರೆ ಮಾಡಿದ್ದನ್ನೆಲ್ಲ ರದ್ದುಮಾಡುತ್ತವೆ. ಆ ಸುತ್ತಿನಿಂದ ಹೊರಗೆ ನಡೆದ ಕಮಿಟ್ (ಕಾಯಂ ಉಳಿಕೆ) ಮಾತ್ರ ಉಳಿಯುತ್ತದೆ. ಸ್ಪ್ರಿಂಗ್‌ನಲ್ಲಿ ನಿಜವಾದ ಪೋರ್ಟ್ ತೆರೆದು ಎಚ್‌ಟಿಟಿಪಿ ಮೂಲಕ ಟೆಸ್ಟ್ ಮಾಡುವಾಗ ಸರ್ವರ್ ಬೇರೆ ಥ್ರೆಡ್ಡಿನಲ್ಲಿ, ಬೇರೆ ಟ್ರಾನ್ಸಾಕ್ಷನ್‌ನಲ್ಲಿ ಓಡುತ್ತದೆ. ಟೆಸ್ಟ್ ಸೇರಿಸಿದ ರೈತ ಸರ್ವರಿಗೆ ಕಾಣುವುದಿಲ್ಲ, ಸರ್ವರ್ ಸೇರಿಸಿದ ಚೀಟಿ ರೋಲ್‌ಬ್ಯಾಕ್ ಆಗುವುದಿಲ್ಲ. ಇಂಥ ಟೆಸ್ಟುಗಳಿಂದ ಟ್ರಾನ್ಸಾಕ್ಷನಲ್ ಗುರುತು ತೆಗೆದು, ಟೆಸ್ಟಿನ ಮುಂಚೆ ಟೇಬಲ್‌ಗಳನ್ನು ನೀವೇ ಖಾಲಿ ಮಾಡಿ. ಮುಗಿದ ಮೇಲೆ ಖಾಲಿ ಮಾಡಿದರೆ ಆಗದೇ ಎಂದರೆ, ಟೆಸ್ಟ್ ನಡುವೆ ಸತ್ತಾಗ ಆ ಕೆಲಸ ಆಗದೆ ಉಳಿಯಬಹುದು. ಚೀಟಿ ಮೊದಲು, ರೈತ ಆಮೇಲೆ. ಅಳಿಸುವ ಕ್ರಮ ತಪ್ಪಿದರೆ ಫಾರಿನ್ ಕೀ (ಚೀಟಿಯ ರೈತ ಟೇಬಲಿನಲ್ಲಿ ಇರಲೇಬೇಕೆಂಬ ನಿಯಮ) ತಡೆಯುತ್ತದೆ.

ಸ್ಪ್ರಿಂಗ್ ಒಮ್ಮೆ ಕಟ್ಟಿದ ಕಾಂಟೆಕ್ಸ್ಟ್‌ಗಳನ್ನು (ಟೆಸ್ಟಿಗೆ ಸಜ್ಜಾದ ಅಪ್ಲಿಕೇಶನ್ ರೂಪಗಳನ್ನು) 32ರವರೆಗೆ ಇಟ್ಟುಕೊಂಡು ಮರುಬಳಸುತ್ತದೆ. ಎರಡು ಕಾಂಟೆಕ್ಸ್ಟ್‌ಗಳು ಒಂದೇ ಎಚ್2 ಹೆಸರು ಬಳಸಿದರೆ ಒಂದೇ ಡೇಟಾಬೇಸ್ ಹಂಚಿಕೊಳ್ಳುತ್ತವೆ, ಒಂದರ ಡೇಟಾ ಇನ್ನೊಂದರ ಟೆಸ್ಟಿನಲ್ಲಿ ಕಾಣಿಸುತ್ತದೆ. 2.3ರಿಂದ ಸ್ಪ್ರಿಂಗ್ ಬೂಟ್ ತಾನೇ ಬೇರೆ ಬೇರೆ ಹೆಸರಿಡುತ್ತದೆ, ಆದರೆ ನೀವು ವಿಳಾಸ ಬರೆದುಕೊಟ್ಟಿದ್ದರೆ ನಿಮ್ಮ ಹೆಸರೇ ಗಟ್ಟಿ.

ಐಡಿ 1 ಎಂದು ನಂಬಿದ ಟೆಸ್ಟುಗಳು ಇನ್ನೊಂದು ಮೂಲ. ಎಚ್2 ಮತ್ತು ಪೋಸ್ಟ್‌ಗ್ರೆಸ್‌ನಲ್ಲಿ ರೋಲ್‌ಬ್ಯಾಕ್ ಆದರೂ ಸೀಕ್ವೆನ್ಸ್ (ಐಡಿ ಕೊಡುವ ಎಣಿಕೆ) ಹಿಂದಕ್ಕೆ ಹೋಗುವುದಿಲ್ಲ. ಸೇರಿಸಿದಾಗ ಮರಳಿ ಬಂದ ಐಡಿಯನ್ನೇ ಬಳಸಿ.

ಪೈಥಾನ್‌ನ ವೆಬ್ ಚೌಕಟ್ಟಾದ ಜ್ಯಾಂಗೋದಲ್ಲಿ ಚೀಟಿ ಉಳಿದ ಮೇಲೆ ರೈತರಿಗೆ ಎಸ್‌ಎಂಎಸ್ ಕಳಿಸುವ ಕೋಡನ್ನು ‘ಆನ್ ಕಮಿಟ್’ನಲ್ಲಿ ಇಟ್ಟಿದ್ದರೆ, ‘ಟೆಸ್ಟ್‌ಕೇಸ್’ ಒಳಗೆ ಅದು ಓಡುವುದೇ ಇಲ್ಲ, ಏಕೆಂದರೆ ಹೊರಗಿನ ಟ್ರಾನ್ಸಾಕ್ಷನ್ ಎಂದೂ ಕಮಿಟ್ ಆಗುವುದಿಲ್ಲ. 3.2ರಿಂದ ಇರುವ ‘ಕ್ಯಾಪ್ಚರ್ ಆನ್ ಕಮಿಟ್ ಕಾಲ್‌ಬ್ಯಾಕ್ಸ್’ ಬಳಸಿ.

ಹಸಿರು ಸುಳ್ಳು ಹೇಳುವ ಕಡೆಗಳು

ಇಲ್ಲಿ ಎರರ್ ಬಂದು ಎಚ್ಚರಿಸುವುದಿಲ್ಲ. ತಪ್ಪು ಡೇಟಾ ಹಾಕಿ, ಅದು ತಿರಸ್ಕೃತವಾಗುತ್ತದೆಯೇ ಎಂದು ನೀವೇ ನೋಡಬೇಕು.

ಎಸ್‌ಕ್ಯೂಲೈಟ್‌ನಲ್ಲಿ ಫಾರಿನ್ ಕೀ ಪರಿಶೀಲನೆ ಮೂಲತಃ ಆಫ್ ಇರುತ್ತದೆ. ಇಲ್ಲದ ರೈತನ ಹೆಸರಿಗೆ ಚೀಟಿ ಹಾಕಿ ನೋಡಿ, ತಕರಾರಿಲ್ಲದೆ ಒಳಗೆ ಹೋಗುತ್ತದೆ. ‘ಪ್ರಾಗ್ಮಾ ಫಾರಿನ್ ಕೀಸ್ = ಆನ್’ ಅನ್ನು ಪ್ರತಿ ಕನೆಕ್ಷನ್‌ಗೂ ಕೊಡಬೇಕು, ಅದೂ ಟ್ರಾನ್ಸಾಕ್ಷನ್ ಶುರುವಾಗುವ ಮುಂಚೆ. ಟ್ರಾನ್ಸಾಕ್ಷನ್ ಒಳಗೆ ಕೊಟ್ಟರೆ ಎರರ್ ಇಲ್ಲದೆ ವ್ಯರ್ಥವಾಗುತ್ತದೆ. ಕೊಟ್ಟ ಮೇಲೆ ಅದೇ ಪ್ರಾಗ್ಮಾವನ್ನು ಓದಿ 1 ಬಂತೇ ಎಂದು ಖಚಿತಪಡಿಸಿಕೊಳ್ಳಿ. ಜ್ಯಾಂಗೋ ಇದನ್ನು ತಾನೇ ಆನ್ ಮಾಡುತ್ತದೆ.

ಕಾಲಮ್ ಉದ್ದದ ವಿಷಯ ಕನ್ನಡದವರಿಗೆ ವಿಶೇಷವಾಗಿ ಮುಖ್ಯ. ತಾಲ್ಲೂಕಿನ ಹೆಸರಿಗೆ ವಾರ್‌ಕ್ಯಾರ್ 10 (ಉದ್ದದ ಮಿತಿ 10) ಇಟ್ಟಿದ್ದೀರಿ. ‘ಶ್ರೀರಂಗಪಟ್ಟಣ’ ಕಣ್ಣಿಗೆ ಆರೇ ಅಕ್ಷರ: ಶ್ರೀ, ರಂ, ಗ, ಪ, ಟ್ಟ, ಣ. ಯೂನಿಕೋಡ್ ಲೆಕ್ಕದಲ್ಲಿ ಒತ್ತಕ್ಷರ, ಗುಣಿತ, ಸೊನ್ನೆ ಎಲ್ಲ ಬೇರೆ ಬೇರೆ. ಒಟ್ಟು 12 ಕೋಡ್‌ಪಾಯಿಂಟ್, ಯುಟಿಎಫ್-8ರಲ್ಲಿ 36 ಬೈಟ್. ಎಸ್‌ಕ್ಯೂಲೈಟ್ ಉದ್ದದ ಮಿತಿಯನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ, ಟೆಸ್ಟ್ ಹಸಿರು. ಪೋಸ್ಟ್‌ಗ್ರೆಸ್ ‘ವ್ಯಾಲ್ಯೂ ಟೂ ಲಾಂಗ್’ ಎಂದು ತಿರಸ್ಕರಿಸುತ್ತದೆ. ‘ಮದ್ದೂರು’, ‘ಮಂಡ್ಯ’ ಹಾಕಿ ಟೆಸ್ಟ್ ಬರೆದವರಿಗೆ ಇದು ಎಂದೂ ಸಿಗುವುದಿಲ್ಲ. 2021ರಲ್ಲಿ ಬಂದ ಎಸ್‌ಕ್ಯೂಲೈಟ್ 3.37 ಆವೃತ್ತಿಯ ‘ಸ್ಟ್ರಿಕ್ಟ್’ ಟೇಬಲ್‌ಗಳು ಡೇಟಾ ಬಗೆಯನ್ನು ಬಿಗಿ ಮಾಡುತ್ತವೆಯೇ ಹೊರತು ಉದ್ದವನ್ನಲ್ಲ. ಎಸ್‌ಕ್ಯೂಲೈಟ್‌ನಲ್ಲಿ ಉದ್ದ ತಡೆಯಲು ‘ಚೆಕ್’ ನಿಯಮವನ್ನೇ ಬರೆಯಬೇಕು.

ಕನ್ನಡದಲ್ಲಿ ಇನ್ನೊಂದು: ‘ಕೊ’ ಎಂಬುದನ್ನು ಒಂದೇ ಸ್ವರಚಿಹ್ನೆಯಿಂದಲೂ, ಎತ್ವ ಮತ್ತು ಊ ಚಿಹ್ನೆ ಎರಡನ್ನು ಜೋಡಿಸಿಯೂ ಬರೆಯಬಹುದು. ನೋಡಲು ಒಂದೇ, ಬೈಟ್‌ಗಳು ಬೇರೆ. ಹಳ್ಳಿಯ ಹೆಸರಿನಲ್ಲಿ ಹುಡುಕುವ ಟೆಸ್ಟಿಗೆ ಎರಡೂ ರೂಪ ಕೊಡಿ, ಉಳಿಸುವ ಮುಂಚೆ ಎನ್‌ಎಫ್‌ಸಿ ರೂಪಕ್ಕೆ (ಯೂನಿಕೋಡ್‌ನ ಜೋಡಿಸಿದ ಏಕರೂಪಕ್ಕೆ) ತನ್ನಿ.

ದಶಮಾಂಶ: ನಿವ್ವಳ ತೂಕಕ್ಕೆ ಮೂರು ದಶಮಾಂಶ ಸ್ಥಾನದ ಡೆಸಿಮಲ್ ಕಾಲಮ್ ಇದೆ. 14.520 ಟನ್‌ನಲ್ಲಿ ತರಗಿನ ಕಡಿತ ಶೇ. 1 ಹೋದರೆ 14.3748. ಎಸ್‌ಕ್ಯೂಲೈಟ್ ಹಾಗೆಯೇ ಇಟ್ಟುಕೊಳ್ಳುತ್ತದೆ. ಪೋಸ್ಟ್‌ಗ್ರೆಸ್, ಮೈಎಸ್‌ಕ್ಯೂಎಲ್ ಎರಡೂ 14.375ಕ್ಕೆ ದುಂಡು ಮಾಡುತ್ತವೆ. ಟನ್‌ಗೆ 3,400 ರೂಪಾಯಿ ಎಂದು ಹಿಡಿದರೆ ಟೆಸ್ಟಿನಲ್ಲಿ 48,874.32, ಪ್ರೊಡಕ್ಷನ್‌ನಲ್ಲಿ 48,875.00. ಚೀಟಿಗೆ 68 ಪೈಸೆ. ರೈತರ ಬಿಲ್ಲಿನಲ್ಲಿ ಪೈಸೆ ವ್ಯತ್ಯಾಸವೂ ವ್ಯತ್ಯಾಸವೇ. ದುಂಡು ಮಾಡುವ ಕೆಲಸವನ್ನು ಡೇಟಾಬೇಸಿಗೆ ಬಿಡದೆ ಕೋಡಿನಲ್ಲೇ ಮಾಡಿ, ಇಲ್ಲವೇ ತೂಕವನ್ನು ಕಿಲೋದಲ್ಲಿ, ಹಣವನ್ನು ಪೈಸೆಯಲ್ಲಿ ಪೂರ್ಣಾಂಕವಾಗಿ ಇಡಿ.

ಲಾರಿ ನಂಬರ್: ಮಂಡ್ಯದ ಕೆಎ 11, ಮೈಸೂರಿನ ಕೆಎ 09 ನೋಂದಣಿಗಳನ್ನು ಒಬ್ಬರು ಇಂಗ್ಲಿಷ್ ದೊಡ್ಡಕ್ಷರದಲ್ಲಿ, ಇನ್ನೊಬ್ಬರು ಸಣ್ಣಕ್ಷರದಲ್ಲಿ ಬರೆಯುತ್ತಾರೆ. ಮೈಎಸ್‌ಕ್ಯೂಎಲ್ 8ರ ಮೂಲ ಕೊಲೇಶನ್‌ಗೆ (ಅಕ್ಷರ ಹೋಲಿಸುವ ನಿಯಮಕ್ಕೆ) ಎರಡೂ ಒಂದೇ, ಯೂನಿಕ್ ಕೀ ತಡೆಯುತ್ತದೆ. ಎಚ್2, ಎಸ್‌ಕ್ಯೂಲೈಟ್‌ಗೆ ಅವು ಬೇರೆ ಬೇರೆ, ಎರಡು ಲಾರಿಗಳಾಗುತ್ತವೆ. ‘ಲೈಕ್’ ಹುಡುಕಾಟದಲ್ಲಿ ಲೆಕ್ಕ ತಿರುಗುತ್ತದೆ: ಎಸ್‌ಕ್ಯೂಲೈಟ್ ಇಂಗ್ಲಿಷ್ ಅಕ್ಷರಗಳ ಭೇದ ನೋಡುವುದಿಲ್ಲ, ಪೋಸ್ಟ್‌ಗ್ರೆಸ್ ನೋಡುತ್ತದೆ. ಉಳಿಸುವ ಮುಂಚೆಯೇ ದೊಡ್ಡಕ್ಷರಕ್ಕೆ ತಿರುಗಿಸಿದರೆ ಈ ತಲೆನೋವೇ ಇಲ್ಲ.

‘ಆರ್ಡರ್ ಬೈ’ ಇಲ್ಲದ ಪಟ್ಟಿ ಎಸ್‌ಕ್ಯೂಲೈಟ್‌ನಲ್ಲಿ ಸಾಮಾನ್ಯವಾಗಿ ಸೇರಿಸಿದ ಕ್ರಮದಲ್ಲೇ ಬರುತ್ತದೆ, ಪೋಸ್ಟ್‌ಗ್ರೆಸ್‌ನಲ್ಲಿ ಒಂದು ಅಪ್‌ಡೇಟ್ ಆದರೆ ಸಾಕು, ಕ್ರಮ ಬದಲಾಗಬಹುದು.

ಜೆಪಿಎ (ಜಾವಾ ವಸ್ತುಗಳನ್ನು ಟೇಬಲಿಗೆ ಹೊಂದಿಸುವ ಪದ್ಧತಿ) ಬಳಸುವವರು: ‘ಸೇವ್’ ಎಂದೊಡನೆ ಇನ್ಸರ್ಟ್ ಡೇಟಾಬೇಸಿಗೆ ಹೋಗಲೇಬೇಕೆಂದಿಲ್ಲ. ಸೀಕ್ವೆನ್ಸ್ ಐಡಿ ಇದ್ದರೆ ಫ್ಲಶ್ ಆಗುವವರೆಗೂ (ಬಾಕಿ ಬದಲಾವಣೆಗಳನ್ನು ಡೇಟಾಬೇಸಿಗೆ ಕಳಿಸುವವರೆಗೂ) ಕಾಯುತ್ತದೆ, ಟೆಸ್ಟ್ ಅಷ್ಟರಲ್ಲಿ ರೋಲ್‌ಬ್ಯಾಕ್ ಆಗಿ ಯೂನಿಕ್ ನಿಯಮ ಪರೀಕ್ಷೆಗೇ ಬರುವುದಿಲ್ಲ. ಫ್ಲಶ್ ಮಾಡಿ, ಓದುವ ಮುಂಚೆ ಕ್ಲಿಯರ್ ಮಾಡಿ. ಇಲ್ಲದಿದ್ದರೆ ಮರಳಿ ಸಿಗುವುದು ಡೇಟಾಬೇಸಿನ ಸಾಲಲ್ಲ, ನೀವೇ ಕೊಟ್ಟ ವಸ್ತು. ಡಾಟ್‌ನೆಟ್‌ನ ಎಂಟಿಟಿ ಫ್ರೇಮ್‌ವರ್ಕ್ ಕೋರ್‌ನ ‘ಇನ್-ಮೆಮೊರಿ’ ಪ್ರೊವೈಡರ್ ರಿಲೇಶನಲ್ ಡೇಟಾಬೇಸೇ ಅಲ್ಲ. ಫಾರಿನ್ ಕೀ ಇಲ್ಲ, ಟ್ರಾನ್ಸಾಕ್ಷನ್ ಇಲ್ಲ. ಮೈಕ್ರೋಸಾಫ್ಟ್ ಕೂಡ ಟೆಸ್ಟಿಗೆ ಅದು ಬೇಡವೆನ್ನುತ್ತದೆ. ಕನೆಕ್ಷನ್ ತೆರೆದಿಟ್ಟ ಎಸ್‌ಕ್ಯೂಲೈಟ್ ಅಲ್ಲಿ ಎಷ್ಟೋ ಮೇಲು.

ರಾತ್ರಿ ಮಾತ್ರ ಬೀಳುವ ಟೆಸ್ಟ್

ಎಸ್‌ಕ್ಯೂಲೈಟ್‌ನ ‘ಕರೆಂಟ್ ಟೈಮ್‌ಸ್ಟ್ಯಾಂಪ್’ ಯುಟಿಸಿಯಲ್ಲಿದೆ, ನಮ್ಮ ಸಮಯ ಅದಕ್ಕಿಂತ ಐದೂವರೆ ಗಂಟೆ ಮುಂದೆ. ಕಬ್ಬು ಅರೆಯುವ ಕಾಲದಲ್ಲಿ ಲಾರಿಗಳು ರಾತ್ರಿಯೆಲ್ಲ ಬರುತ್ತವೆ. ಜನವರಿ 15ರ ಬೆಳಗಿನ ಜಾವ 2:30ಕ್ಕೆ ತೂಗಿದ ಚೀಟಿ ಯುಟಿಸಿಯಲ್ಲಿ 14ರ ರಾತ್ರಿ 9 ಗಂಟೆ, ‘ಇಂದಿನ ಚೀಟಿಗಳು’ ಪಟ್ಟಿಯಿಂದ ಜಾರಿಹೋಗುತ್ತದೆ. ಹಗಲಲ್ಲಿ ಎಷ್ಟು ಸಲ ಓಡಿಸಿದರೂ ಟೆಸ್ಟ್ ಪಾಸ್. ಮಧ್ಯರಾತ್ರಿಯಿಂದ 5:30ರೊಳಗೆ ಓಡುವ ನೈಟ್ಲಿ ಬಿಲ್ಡ್ ಮಾತ್ರ ಬೀಳುತ್ತದೆ. ಸಮಯವನ್ನು ಡೇಟಾಬೇಸಿನಿಂದ ಪಡೆಯಬೇಡಿ, ಕೋಡಿಗೆ ಹೊರಗಿನಿಂದ ಗಡಿಯಾರ ಕೊಡಿ. 5:29, 5:30 ಎರಡಕ್ಕೂ ಒಂದೊಂದು ಟೆಸ್ಟ್ ಇರಲಿ.

ನಿಜವಾದ ಡೇಟಾಬೇಸಿಗೆ ಹೋಗಬೇಕಾದಾಗ

ಜೇಸನ್‌ಬಿ (ಪೋಸ್ಟ್‌ಗ್ರೆಸ್‌ನ ಜೇಸನ್ ಬಗೆಯ) ಕಾಲಮ್, ‘ಆನ್ ಕಾನ್‌ಫ್ಲಿಕ್ಟ್ ಡು ಅಪ್‌ಡೇಟ್’, ಟ್ರಿಗರ್, ಸಾಲುಗಳ ಲಾಕ್ ಇವನ್ನು ಎಚ್2ನಲ್ಲಿ ಅನುಕರಿಸಲು ಹೋಗಬೇಡಿ. ಅದರ ಪೋಸ್ಟ್‌ಗ್ರೆಸ್ ಮೋಡ್ ‘ಡು ನಥಿಂಗ್’ ಮಾತ್ರ ಒಪ್ಪುತ್ತದೆ. ಟೆಸ್ಟಿಗಾಗಿ ಪ್ರೊಡಕ್ಷನ್ ಕ್ವೆರಿ ಬದಲಿಸುವ ಹಂತ ಬಂದರೆ ಅಲ್ಲಿಗೆ ಮೆಮೊರಿ ಡೇಟಾಬೇಸ್ ಬಿಡಿ.

ವೇಗ ಹೋಗುತ್ತದೆಂಬ ಭಯಕ್ಕೆ ಪರಿಹಾರವಿದೆ. ಡಾಕರ್‌ನಲ್ಲಿ ಪೋಸ್ಟ್‌ಗ್ರೆಸ್ 16ರ ಇಮೇಜ್ ಎಬ್ಬಿಸುವಾಗ ಅದರ ಡೇಟಾ ಫೋಲ್ಡರನ್ನು ಟಿಎಂಪಿಎಫ್‌ಎಸ್ (ರ‍್ಯಾಮ್‌ನಲ್ಲಿರುವ ಫೈಲ್ ವ್ಯವಸ್ಥೆ) ಮೇಲೆ ಇಡಿ, ಆಗ ಅದೂ ರ‍್ಯಾಮ್‌ನಲ್ಲೇ ಓಡುತ್ತದೆ. ‘ಎಫ್‌ಸಿಂಕ್’, ‘ಸಿಂಕ್ರೊನಸ್ ಕಮಿಟ್’, ‘ಫುಲ್ ಪೇಜ್ ರೈಟ್ಸ್’ ಮೂರನ್ನೂ ಆಫ್ ಮಾಡಿ; ಟೆಸ್ಟ್ ಡೇಟಾಬೇಸಿಗೆ ಮಾತ್ರ, ಬೇರೆಲ್ಲೂ ಬೇಡ. ಮೈಗ್ರೇಶನ್‌ಗಳನ್ನು ಒಂದೇ ಸಲ ಒಂದು ಮಾದರಿ ಡೇಟಾಬೇಸಿನ ಮೇಲೆ ಓಡಿಸಿ, ಪ್ರತಿ ಟೆಸ್ಟ್ ಕ್ಲಾಸಿಗೂ ಅದನ್ನೇ ಟೆಂಪ್ಲೇಟ್ ಆಗಿ ಕೊಟ್ಟು ಹೊಸ ಡೇಟಾಬೇಸ್ ಕಟ್ಟಿ. ಟೆಂಪ್ಲೇಟ್‌ಗೆ ಯಾರಾದರೂ ಸೇರಿಕೊಂಡಿದ್ದರೆ ನಕಲು ಆಗುವುದಿಲ್ಲ, ಆದ್ದರಿಂದ ಮೈಗ್ರೇಶನ್ ಮುಗಿದ ಕೂಡಲೇ ಆ ಪೂಲನ್ನು ಮುಚ್ಚಿ. ಲೆಕ್ಕ, ಕಡಿತ, ದರದಂಥ ಟೆಸ್ಟುಗಳು ಎಸ್‌ಕ್ಯೂಲೈಟ್ ಮೇಲೆ ಪ್ರತಿ ಸೇವ್‌ಗೂ ಓಡಲಿ. ಕ್ವೆರಿ ಮತ್ತು ನಿಯಮಗಳ ಟೆಸ್ಟುಗಳು ಈ ಕಂಟೇನರ್ ಮೇಲೆ ಪ್ರತಿ ಪುಶ್‌ಗೂ ಓಡಲಿ.